ಹೃದಯ ಕಸಿಯಾದ ಮೇಲೆ ಊರಿನ ಬದುಕು
(ಬೆಳ್ಳಿಹಬ್ಬದ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಕಾಫಿ, ಕಾಳುಮೆಣಸಿನ ವಿಷಯ ಬಿಟ್ಟು ಇವನ್ಯಾಕೆ ಹೃದಯದ ಮಾತು ಎತ್ತಿದ ಅಂತ ನಿಮಗೆ ಅನ್ನಿಸಬಹುದು. ನಾನು ಎಸ್.ಎಸ್.ಎಲ್.ಸಿ. ಓದಿದ ರೈತ, ಡಾಕ್ಟರಲ್ಲ. ನನ್ನ ಭಾವನವರು ಬೆಂಗಳೂರಿನಲ್ಲಿ ಹೃದಯ ಕಸಿ ಮಾಡಿಸಿಕೊಂಡು ಊರಿಗೆ ಬಂದ ಮೇಲೆ ನಾವು ಮನೆಯವರು ಕಲಿತದ್ದನ್ನು ಹೇಳುತ್ತೇನೆ.

ನಮ್ಮ ದೇಶದ ಮೊದಲ ಯಶಸ್ವಿ ಹೃದಯ ಕಸಿ 1994ರ ಆಗಸ್ಟ್ 3ರಂದು ದೆಹಲಿಯ ಏಮ್ಸ್‌ನಲ್ಲಿ ಡಾ. ಪಿ. ವೇಣುಗೋಪಾಲ್ ಅವರ ಕೈಯಿಂದ ಆಯಿತು. ಈಗ ಬೆಂಗಳೂರಿನಲ್ಲೇ ಆಗುತ್ತದೆ. ಆಪರೇಷನ್ ಮುಗಿದರೆ ಎಲ್ಲ ಮುಗಿಯಿತು ಅಂತ ನಾವು ತಿಳಿಯುತ್ತೇವೆ. ಕೆಲಸ ಶುರುವಾಗುವುದೇ ಆಮೇಲೆ.

ಬೇರೆಯವರ ಹೃದಯವನ್ನು ದೇಹ ಸುಲಭವಾಗಿ ಒಪ್ಪುವುದಿಲ್ಲ. ಅದಕ್ಕೆ ಕೊಡುವ ಮಾತ್ರೆಯನ್ನು ಜೀವ ಇರುವವರೆಗೂ ಹೇಳಿದ ಹೊತ್ತಿಗೇ ನುಂಗಬೇಕು. ಬರೆ ಕುಸಿದು ರಸ್ತೆ ಬಂದ್ ಆಗುವುದನ್ನು 2018ರಲ್ಲಿ ಕಂಡಿದ್ದೇವೆ. ಹಾಗಾಗಿ ಮಳೆಗೆ ಮುಂಚೆಯೇ ಮಾತ್ರೆ ತಂದಿಡುತ್ತೇವೆ. ತೋಟದ ಚಕ್ಕೋತ ಅವರಿಗೆ ಕೂಡದು, ಅದು ರಕ್ತದಲ್ಲಿ ಮಾತ್ರೆಯ ಅಂಶವನ್ನು ಏರುಪೇರು ಮಾಡುತ್ತದೆ. ಕಕ್ಕಡದ ಮದ್ದುಸೊಪ್ಪನ್ನೂ ಡಾಕ್ಟರನ್ನು ಕೇಳದೆ ಕೊಡಬಾರದು.

ಅದೇ ಮಾತ್ರೆ ರೋಗ ತಡೆಯುವ ಶಕ್ತಿಯನ್ನೂ ತಗ್ಗಿಸುತ್ತದೆ. ಬೂಷ್ಟು ಹಿಡಿದ ಕಾಫಿ ಸಿಪ್ಪೆ, ಗೊಬ್ಬರದ ಗುಂಡಿ, ಗದ್ದೆಯ ಕೆಸರಿನಿಂದ ದೂರ ಇರಬೇಕು. ಹಂದಿ ಮಾಂಸ ಪೂರ್ತಿ ಬೆಂದಿರಬೇಕು, ಹಾಲು ಕಾಯಿಸಿರಬೇಕು. ಕಸಿ ಮಾಡುವಾಗ ಹೃದಯದ ನರಗಳು ತುಂಡಾಗುತ್ತವೆ. ಹಾಗಾಗಿ ಏರು ಹತ್ತುವಾಗ ಬಡಿತ ತಡವಾಗಿ ಏರುತ್ತದೆ. ನಿಧಾನಕ್ಕೆ ನಡಿಗೆ ಶುರು ಮಾಡಬೇಕು, ನಿಧಾನಕ್ಕೇ ನಿಲ್ಲಿಸಬೇಕು. ಎದೆಮೂಳೆ ಕೂಡುವವರೆಗೆ ಮೂಟೆ ಮುಟ್ಟುವಂತಿಲ್ಲ.

ಇನ್ನು ಊರಿನವರಾದ ನಮ್ಮ ವಿಷಯ. ಶೀತ, ಕೆಮ್ಮು ಇದ್ದರೂ ನೋಡಿ ಬರಲು ಹೋಗುತ್ತೇವೆ. ಮದುವೆಗೆ ಬರಲಿಲ್ಲ ಅಂದರೆ ಗತ್ತು ಅನ್ನುತ್ತೇವೆ. ಭಾವನವರು ಒಮ್ಮೆ ಹೇಳಿದರು: "ಹೃದಯ ಸರಿಯಾಗೇ ಬಡೀತಾ ಉಂಟು, ಆದರೆ ನನ್ನನ್ನು ಯಾವ ಕೆಲಸಕ್ಕೂ ಕರೆಯೋರೇ ಇಲ್ಲ." ಆ ಮಾತು ನನಗೆ ನಾಟಿತು. ಲೆಕ್ಕ ನೋಡುವುದು, ತೋಟದ ಮೇಲ್ವಿಚಾರಣೆ ಅವರಿಂದ ಆಗುತ್ತದೆ. ಅಂಥವರನ್ನು ಸಂಘದ ಸಭೆಗೂ ಕರೆಯೋಣ, ಗಾಳಿಯಾಡುವ ಕಡೆ ಕುರ್ಚಿ ಹಾಕೋಣ.

2022ರ ಸೆಪ್ಟೆಂಬರಿನಲ್ಲಿ ಚಿಕ್ಕಮಗಳೂರಿನ ವಿದ್ಯಾರ್ಥಿನಿಯೊಬ್ಬಳ ಹೃದಯ ಹೆಲಿಕಾಪ್ಟರಿನಲ್ಲಿ ಬೆಂಗಳೂರಿಗೆ ಹೋಯಿತು. ಅಷ್ಟು ದುಃಖದಲ್ಲೂ ಆ ತಂದೆತಾಯಿ ಒಪ್ಪಿದರು. ಅಂಗದಾನಕ್ಕೆ ರಾಜ್ಯದ ಜೀವಸಾರ್ಥಕತೆ ಸಂಸ್ಥೆ ಇದೆ. ನಮ್ಮ ಇಷ್ಟ ಏನೆಂದು ಇವತ್ತೇ ಮನೆಯವರಿಗೆ ಹೇಳಿಡೋಣ, ಕೊನೆಗೆ ಒಪ್ಪಿಗೆ ಕೊಡಬೇಕಾದವರು ಅವರೇ.