ಮುಂಗಡದ ಲೆಕ್ಕ



ನಾನು ಚಾರ್ಟರ್ಡ್ ಅಕೌಂಟೆಂಟ್. ಕಬ್ಬು ಕಡಿಯುವವರ ಬಗ್ಗೆಯೂ ಲೆಕ್ಕ ಹಿಡಿದೇ ಮಾತಾಡುತ್ತೇನೆ. ಹಂಗಾಮು ಶುರುವಾದರೆ ಮಹಾರಾಷ್ಟ್ರದ ಬೀಡ್ ಕಡೆಯಿಂದ ಬೆಳಗಾವಿ ಸೀಮೆಗೆ ಗ್ಯಾಂಗುಗಳು ಬರುತ್ತವೆ. ಗಂಡ ಹೆಂಡತಿ ಸೇರಿ ಒಂದು ‘ಕೊಯ್ತಾ’. ದುಡಿಯುವ ಕೈ ನಾಲ್ಕು, ಲೆಕ್ಕದಲ್ಲಿ ಒಂದೇ. ಮುಕಾದಮ ಮೊದಲೇ ಕೊಟ್ಟ ಮುಂಗಡ, ಕಡಿದ ಟನ್ನುಗಳ ಕೂಲಿಯಲ್ಲಿ ವಜಾ ಆಗುತ್ತದೆ. ಜ್ವರ ಬಂದು ಕೆಲಸ ತಪ್ಪಿದರೆ ದಂಡ. ತೀರದ ಬಾಕಿ ಮುಂದಿನ ಹಂಗಾಮಿಗೆ. ಪುಸ್ತಕ ಮಾತ್ರ ಮುಕಾದಮನ ಕೈಯಲ್ಲೇ.

ನಮ್ಮ ಹಳ್ಳಿಗಳ ಜೀತದ ಲೆಕ್ಕವೂ ಹೀಗೇ ಇತ್ತು. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಆಳನ್ನು ಬಿಡಿಸಿದ್ದಷ್ಟೇ ಅಲ್ಲ, ಜೀತದ ಸಾಲವನ್ನೇ ಅಳಿಸಿತು. ಅದು ಜೀತದ ಸಾಲವಲ್ಲವೆಂದು ರುಜುವಾತು ಮಾಡುವ ಹೊಣೆಯನ್ನೂ ಸಾಲ ಕೊಟ್ಟವನ ಮೇಲೆಯೇ ಹೊರಿಸಿತು.

ವೀಸಾಕ್ಕೆಂದು ಸಾಲ ಮಾಡಿ ಗಲ್ಫಿಗೆ ಬಂದ ನಮ್ಮಲ್ಲಿ ಅನೇಕರಿಗೆ ಈ ಲೆಕ್ಕ ಹೊಸದಲ್ಲ. ಭಾರತದ ನೋಂದಾಯಿತ ಏಜೆಂಟ್ ಪಡೆಯಬಹುದಾದ ಸೇವಾಶುಲ್ಕ ಗರಿಷ್ಠ 30,000 ರೂಪಾಯಿ, ಜೊತೆಗೆ ಜಿಎಸ್‌ಟಿ. ಊರಿಂದ ತಮ್ಮನೋ ಭಾವನೋ ಹೊರಟಿದ್ದರೆ, ಹಣ ಕೊಡುವ ಮೊದಲು ರಸೀದಿ ಕೇಳಲು ಹೇಳಿ. ಬಾಕಿ ಎಷ್ಟೆಂದು ತಿಳಿಯದವರು ಚೀಟಿ ತನ್ನಿ, ತಿಂಗಳಿಗೊಂದು ಶುಕ್ರವಾರ ಸಂಘದಲ್ಲಿ ಕೂತು ನೋಡಿಕೊಡುತ್ತೇನೆ. ಲೆಕ್ಕದ ಪುಸ್ತಕ ದುಡಿದವರ ಕೈಯಲ್ಲೂ ಇರಲಿ.