ಕಳಿಸಿದ ಮೇಲ್ ಸ್ಪ್ಯಾಮ್‌ಗೆ ಯಾಕೆ ಬೀಳುತ್ತೆ?

ಬಾಳೆಲೆಯಿಂದ ಮಾತಾಡ್ತಿದ್ದೀನಿ. ಇವತ್ತಿನ ವಿಷಯ ಈಮೇಲ್. ‘ಈಗೆಲ್ಲಾ ವಾಟ್ಸಾಪ್ ಅಲ್ವಾ’ ಅನ್ಬೇಡಿ. ಹೋಮ್‌ಸ್ಟೇ ಬುಕಿಂಗ್, ಕಾಫಿ–ಕರಿಮೆಣಸಿನ ಕೊಟೇಶನ್, ಜಿಎಸ್‌ಟಿ ಇನ್‌ವಾಯ್ಸ್ ಇನ್ನೂ ಮೇಲ್‌ನಲ್ಲೇ ಓಡಾಡ್ತವೆ. ನಿಮ್ಮ ಉತ್ತರ ಸ್ಪ್ಯಾಮ್‌ಗೆ ಬಿದ್ರೆ ಗಿರಾಕಿ ಫೋನ್ ಮಾಡಿ ಹೇಳಲ್ಲ. ಬೇರೆ ಕಡೆ ಬುಕ್ ಮಾಡ್ತಾರೆ, ಅಷ್ಟೇ.

ಮೊದಲು ದಾರಿ ನೋಡೋಣ. ನಾವು ಗೋಣಿಕೊಪ್ಪದಿಂದ ಹುಣಸೂರಿಗೆ ಹೋಗುವಾಗ ಆನೆಚೌಕೂರು ಗೇಟ್ ದಾಟ್ತೀವಲ್ಲ, ಸ್ವಂತ ಡೊಮೇನ್ ಇರೋ ಎಷ್ಟೋ ಕಂಪನಿಗಳ ಮೇಲ್ ಕೂಡ ಹಾಗೇ ಒಂದು ಸೆಕ್ಯುರಿಟಿ ಗೇಟ್‌ವೇ ದಾಟುತ್ತೆ. ಅದು ವೈರಸ್ ಇದೆಯಾ ಅಂತ ತಪಾಸಣೆ ಮಾಡುತ್ತೆ. ಆಮೇಲೆ ಡಿಎನ್‌ಎಸ್‌ನಲ್ಲಿ ಎಂಎಕ್ಸ್ ದಾಖಲೆ ನೋಡಿ, ಆ ಕಡೆಯ ಸರ್ವರ್ ಯಾವುದು ಅಂತ ತಿಳ್ಕೊಂಡು ಮೇಲ್ ತಲುಪಿಸುತ್ತೆ. ಆ ಸರ್ವರ್ 4ರಿಂದ ಶುರುವಾಗೋ ಕೋಡ್ ಕೊಟ್ರೆ ‘ಆಮೇಲೆ ಬಾ’ ಅಂತ ಅರ್ಥ. ಮೇಲ್ ಕ್ಯೂನಲ್ಲಿ ಕಾಯುತ್ತೆ. 5ರಿಂದ ಶುರುವಾದ್ರೆ ‘ಬರಲೇಬೇಡ’. ಬೌನ್ಸ್ ಆಗಿ ವಾಪಸ್ ಬರುತ್ತೆ.

ಇನ್ನು ಗುರುತಿನ ಪ್ರಶ್ನೆ. ಎಸ್‌ಪಿಎಫ್ ಅಂದ್ರೆ ನಿಮ್ಮ ಹೆಸರಲ್ಲಿ ಮೇಲ್ ಕಳಿಸೋ ಹಕ್ಕಿರೋ ಸರ್ವರ್‌ಗಳ ಪಟ್ಟಿ. ಡಿಕಿಮ್ ಅಂದ್ರೆ ಮೇಲ್ ಮೇಲಿನ ಡಿಜಿಟಲ್ ಸಹಿ. ಇವೆರಡೂ ತಾಳೆಯಾಗದಿದ್ರೆ ಏನು ಮಾಡ್ಬೇಕು ಅಂತ ಹೇಳೋದು ಡಿಮಾರ್ಕ್. 2024ರ ಫೆಬ್ರುವರಿಯಿಂದ ಜಿಮೇಲ್ ಎಲ್ಲಾ ಕಳಿಸೋರಿಗೂ ಎಸ್‌ಪಿಎಫ್ ಅಥವಾ ಡಿಕಿಮ್ ಬೇಕು ಅಂತಿದೆ. ಜಿಮೇಲ್ ವಿಳಾಸಗಳಿಗೆ ದಿನಕ್ಕೆ 5,000 ಅಥವಾ ಹೆಚ್ಚು ಮೇಲ್ ಕಳಿಸೋರಿಗೆ ಮೂರೂ ಬೇಕು.

ಗೇಟ್‌ವೇ ಸೆಟ್ ಮಾಡುವಾಗ ಎಡವೋದು ಇಲ್ಲೇ. ಒಂದು, ಹೊರಗೆ ಹೋಗೋ ಗೇಟ್‌ವೇ ಐಪಿಯನ್ನ ಎಸ್‌ಪಿಎಫ್ ಪಟ್ಟಿಗೆ ಸೇರಿಸೋದು ಮರೆಯೋದು. ಎರಡು, ಮೊದಲೇ ಸಹಿ ಹಾಕಿ, ಆಮೇಲೆ ಗೇಟ್‌ವೇಯಲ್ಲಿ ಕೆಳಗೆ ‘ಇದು ಗೋಪ್ಯ’ ಅಂತ ಸಾಲು ಅಂಟಿಸೋದು. ಸಹಿ ಆದ ಕಾಗದ ತಿದ್ದಿದ ಹಾಗೆ, ಡಿಕಿಮ್ ಕೆಟ್ಟುಹೋಗುತ್ತೆ. ಸಹಿ ಕೊನೆಯ ನಿಲ್ದಾಣದಲ್ಲೇ ಬೀಳ್ಬೇಕು.

ಇನ್ನೊಂದು ಮಾತು: ಆಫರ್ ಮೇಲ್‌ಗೂ ಇನ್‌ವಾಯ್ಸ್‌ಗೂ ಬೇರೆ ಬೇರೆ ಐಪಿ ಇಡಿ. ಜನ ಆಫರ್‌ನ ಸ್ಪ್ಯಾಮ್ ಅಂತ ಒತ್ತಿದ್ರೆ ಆ ಐಪಿ ಹೆಸರು ಕೆಡುತ್ತೆ. ಪಾಪ, ಬಿಲ್ ಯಾಕೆ ಅದರ ಜೊತೆ ಮುಳುಗ್ಬೇಕು? ಒಂದು ಖಾತೆಯಿಂದ ಗಂಟೆಗೆ ಎಷ್ಟು ಮೇಲ್ ಹೋಗಬಹುದು ಅಂತ ಮಿತಿಯೂ ಇರಲಿ. ಪಾಸ್‌ವರ್ಡ್ ಕಳುವಾದ್ರೂ ಅನಾಹುತ ಸಣ್ಣದಾಗಿರುತ್ತೆ.

ಗೇಟ್‌ವೇ ಇಲ್ಲದ ಸಣ್ಣ ವ್ಯವಹಾರದವರಿಗೂ ಒಂದು ಪರೀಕ್ಷೆ ಇದೆ. ನಿಮ್ಮ ಡೊಮೇನ್‌ನಿಂದ ಜಿಮೇಲ್‌ಗೆ ಒಂದು ಮೇಲ್ ಕಳಿಸಿ, ಕಂಪ್ಯೂಟರ್‌ನಲ್ಲಿ ತೆರೆದು ‘ಶೋ ಒರಿಜಿನಲ್’ ಒತ್ತಿ. ಮೂರರ ಮುಂದೆಯೂ ‘ಪಾಸ್’ ಇರ್ಬೇಕು. ಇಲ್ಲ ಅಂದ್ರೆ ಡೊಮೇನ್ ನೋಡ್ಕೊಳ್ಳೋರಿಗೆ ಇವತ್ತೇ ಹೇಳಿ. ಡಿಮಾರ್ಕ್‌ನ ಮೊದಲು ‘ನನ್’ನಲ್ಲಿಟ್ಟು ವರದಿ ನೋಡಿ, ಎಲ್ಲಾ ಸರಿಯಿದ್ರೆ ಮಾತ್ರ ‘ರಿಜೆಕ್ಟ್’ಗೆ ಹೋಗಿ.

ಹೋಮ್‌ಸ್ಟೇ ನಡೆಸೋ ಅಣ್ಣ, ಅಕ್ಕ ಯಾರಾದ್ರೂ ಗೊತ್ತಿದ್ರೆ ಈ ಎಪಿಸೋಡ್ ಅವರಿಗೆ ಕಳಿಸಿ. ಸದ್ಯಕ್ಕೆ ವಾಟ್ಸಾಪ್‌ನಲ್ಲೇ ಕಳಿಸಿ, ಪರವಾಗಿಲ್ಲ. ಮತ್ತೆ ಸಿಗೋಣ.