ಹಳೆಯ ಮನೆಗೆ ಹೊಸ ದೀಪ

ಕಪಿಲೆ ನಂಜನಗೂಡನ್ನು ಬಳಸಿ ಹರಿದು, ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡಿಕೊಳ್ಳುತ್ತಾಳೆ. ಅಲ್ಲಿಂದ ಮುಂದೆ ಶಿವನಸಮುದ್ರದಲ್ಲಿ ಧುಮುಕುವ ಆ ನೀರಿನಿಂದಲೇ 1902ರಲ್ಲಿ ವಿದ್ಯುತ್ತು ಹುಟ್ಟಿ, ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. ನಮ್ಮ ಹೊಳೆಗೂ ದೀಪಕ್ಕೂ ಇಂಥ ನಂಟುಂಟು. ಆದರೆ ಅದೇ ನೀರು ಮನೆಯೊಳಗೆ ಬಂದರೆ ವಿದ್ಯುತ್ತು ಪ್ರಾಣಕ್ಕೇ ಎರವಾಗಬಲ್ಲುದು.

ಆದ್ದರಿಂದ ಈ ಊರುಗಳಲ್ಲಿ ಮನೆ ನವೀಕರಿಸುವವರು ಸಲಹೆ ಬಯಸಿದರೆ ನಾನು ಮೊದಲು ಕೇಳುವುದು ಇಷ್ಟೇ: ನೆರೆ ಎಲ್ಲಿಯವರೆಗೆ ಏರಿತ್ತು? 2019ರ ಆಗಸ್ಟಿನಲ್ಲಿ ನಂಜನಗೂಡಿನ ತಗ್ಗಿನ ಮನೆಗಳಿಗೆ ನೀರು ನುಗ್ಗಿತು. ಅಂಥ ಮನೆಗಳಲ್ಲಿ ಗೋಡೆಯ ಮೇಲೆ ಉಳಿದ ಕಲೆಯೇ ನಕ್ಷೆಯ ಮೊದಲ ಗೆರೆ. ಪ್ಲಗ್ಗು, ಸ್ವಿಚ್ಚು, ಮೀಟರು ಎಲ್ಲವೂ ಅದಕ್ಕಿಂತ ಮೇಲಿರಲಿ. ಕೆಳಗಿನ ಅಂತಸ್ತಿಗೆ ಬೇರೆಯೇ ಸರ್ಕ್ಯೂಟು ಇದ್ದರೆ, ನೀರು ಬರುವ ಮುನ್ನ ಅದೊಂದನ್ನೇ ಆರಿಸಬಹುದು.

ಮಣ್ಣಿನ ಗೋಡೆ ತೇವವನ್ನು ಬಹುದಿನ ಹಿಡಿದಿಟ್ಟುಕೊಳ್ಳುತ್ತದೆ. ಆದುದರಿಂದ ಭೂಸಂಪರ್ಕದ ಜೊತೆಗೆ 30 ಮಿಲಿಆಂಪಿಯರಿನ ಸೋರಿಕೆ-ರಕ್ಷಕವೂ ಬೇಕು. ಹೋಗುವ ವಿದ್ಯುತ್ತಿಗೂ ಮರಳುವ ವಿದ್ಯುತ್ತಿಗೂ ಅಂತರ ಕಂಡೊಡನೆ ಅದು ಸಂಪರ್ಕವನ್ನು ಕಡಿದುಬಿಡುತ್ತದೆ. ಒಂದಕ್ಕೆ ಪ್ರತಿಯಾಗಿ ಇನ್ನೊಂದು ಸಾಲದು, ಎರಡೂ ಇರಬೇಕು. ನೆರೆ ಇಳಿದ ಮೇಲೂ, ಬಲ್ಲವರು ಪರೀಕ್ಷಿಸುವವರೆಗೆ ಸ್ವಿಚ್ಚು ಮುಟ್ಟಬಾರದು.

ಇನ್ನು ಬೆಳಕಿನ ಮಾತು. ಗಾರೆ ಮೆತ್ತಿದ ಮೇಲೆ ಗೋಡೆ ಕೊರೆಯುವುದಕ್ಕಿಂತ, ಮೊದಲೇ ಸೀಮೆಸುಣ್ಣ ಹಿಡಿದು ಮನೆಯನ್ನೊಮ್ಮೆ ಸುತ್ತಿಬರುವುದು ಮೇಲು. ತೊಟ್ಟಿಯ ಮನೆಯಲ್ಲಿ ಹಗಲಿನ ಬೆಳಕು ಅಂಗಳದ್ದು. ಕತ್ತಲಾದರೆ ಎಡವುವುದು ತೊಟ್ಟಿಯ ಅಂಚಿನಲ್ಲಿ, ಬಚ್ಚಲಿನ ಹೊಸ್ತಿಲಲ್ಲಿ. ನಡುಮನೆಯ ತೂಗುದೀಪಕ್ಕಿಂತ ಮೊದಲು ಅಲ್ಲಿಗೊಂದು ದೀಪ ಬೇಕು. ಮೆಟ್ಟಿಲಿನ ಮೇಲೊಂದು, ಕೆಳಗೊಂದು ಸ್ವಿಚ್ಚಿರಲಿ. ಅಜ್ಜಿ ಓದುವ ಮೂಲೆ ಯಾವುದು, ಮಗು ಬರೆಯಲು ಕೂರುವುದೆಲ್ಲಿ ಎಂಬುದನ್ನು ಮನೆಯವರೇ ಹೇಳಬೇಕು. ಕೆಲಸಗಾರ ಅದನ್ನು ಊಹಿಸಲಾರ. 2 ಕಿಲೋವಾಟಿನ ನೀರೊಲೆ ಸುಮಾರು 9 ಆಂಪಿಯರು ಎಳೆಯುತ್ತದೆ. ಅದಕ್ಕೆ ದಪ್ಪ ತಂತಿ, 16 ಆಂಪಿಯರಿನ ಪ್ರತ್ಯೇಕ ಪ್ಲಗ್ಗು ಅಗತ್ಯ.

ಕಡೆಯದಾಗಿ, ಗೋಡೆ ಮುಚ್ಚುವ ಮುನ್ನ ತಂತಿ ಹೋದ ದಾರಿಯನ್ನು ಕಾಗದದಲ್ಲಿ ಬರೆಸಿ, ಮನೆಯ ಪತ್ರಗಳ ಜೊತೆಯಲ್ಲಿ ಇರಿಸಿಕೊಳ್ಳಿ. ಮುಂದೆ ಆ ಗೋಡೆಗೆ ಪಟ ತೂಗಹಾಕಲು ಮೊಳೆ ಹೊಡೆಯುವ ಕೈ ನಿಮ್ಮ ಮಕ್ಕಳದೇ ಆಗಿರಬಹುದು.